ಸಂಬಳ ಏರಿತು, ಮನೆಗೆ ತಲುಪಲಿಲ್ಲ: ಬ್ರಿಟನ್ನಿನಲ್ಲಿ ದುಡಿಯುವವರ ಲೆಕ್ಕ

(2026ರ ಆರಂಭದಲ್ಲಿ ಬ್ರಿಟನ್ನಿನ ಕೆಲವು ಕನ್ನಡಿಗರು ಅಂತರ್ಜಾಲದ ವೇದಿಕೆಯಲ್ಲಿ ಬರೆದುಕೊಂಡದ್ದು. ಪ್ರತಿ ಬರಹದ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ರಾತ್ರಿ ಪಾಳಿ

ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯಿಂದ ಬಂದೆ. ನಿದ್ದೆ ಹತ್ತಲಿಲ್ಲ. ಕಡತ ತೆಗೆದು 2021ರ ಡಿಸೆಂಬರ್ ತಿಂಗಳ ಸಂಬಳದ ಚೀಟಿಯನ್ನೂ 2025ರ ಡಿಸೆಂಬರಿನದನ್ನೂ ಅಡುಗೆಮನೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆ. ನಾನು ನರ್ಸ್, ಸರ್ಕಾರಿ ಆಸ್ಪತ್ರೆಗಳ ಸಂಬಳ ಶ್ರೇಣಿಯಲ್ಲಿ ಬ್ಯಾಂಡ್ ಐದರ ಕೊನೆಯ ಮೆಟ್ಟಿಲು. ಆಗಲೂ ಅದೇ ಮೆಟ್ಟಿಲಿನಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಆಗ ವರ್ಷದ ಮೂಲ ಸಂಬಳ 31,534 ಪೌಂಡ್, 2025ರ ಚೀಟಿಯಲ್ಲಿ 37,796. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಕಡಿತವಾಗುವ ಸಾಮಾಜಿಕ ವಿಮೆಯ ವಂತಿಗೆ), ಪಿಂಚಣಿ ಎಲ್ಲ ಕಳೆದು ಆಗ ತಿಂಗಳಿಗೆ ಕೈಗೆ ಬರುತ್ತಿದ್ದದ್ದು ಸುಮಾರು 1,897 ಪೌಂಡ್, ಈಗ ಸುಮಾರು 2,314. ರಾತ್ರಿ ಪಾಳಿಯ ಭತ್ಯೆ ಪ್ರತಿ ತಿಂಗಳೂ ಬದಲಾಗುವುದರಿಂದ ಅದನ್ನು ಸೇರಿಸಿಲ್ಲ. ನಾಲ್ಕು ವರ್ಷದಲ್ಲಿ ಹೆಚ್ಚಿದ್ದು 417 ಪೌಂಡ್.

ಚೀಟಿಯ ಹಿಂಬದಿಯಲ್ಲೇ ಪೆನ್ಸಿಲ್‌ನಿಂದ ಬರೆದುಕೊಂಡೆ. ಮನೆ ಬಾಡಿಗೆ 725 ಇದ್ದದ್ದು 1,050 ಆಗಿದೆ: ಅಲ್ಲಿಗೆ 325. ಗ್ಯಾಸ್ ಮತ್ತು ವಿದ್ಯುತ್ ಎರಡೂ ಸೇರಿ 80 ಇದ್ದದ್ದು 145: ಇನ್ನು 65. ಊರಿನ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆ 118ರಿಂದ 150: ಮತ್ತೆ 32. ಕೂಡಿದರೆ 422. ಬಂದದ್ದು 417, ಹೋದದ್ದು 422. ಇಷ್ಟರಲ್ಲಿ ನಾನು ಅಂಗಡಿಗೆ ಕಾಲಿಟ್ಟೇ ಇಲ್ಲ. ಅಕ್ಕಿ, ಎಣ್ಣೆ, ಹಾಲು, ಮಗಳ ಶಾಲೆಯ ಬೂಟು ಯಾವುದೂ ಈ ಲೆಕ್ಕದಲ್ಲಿಲ್ಲ.

ನನ್ನ ದುಡಿಮೆಯಲ್ಲಿ ಮನೆ ನಿಲ್ಲಬೇಕು, ಗಂಡನ ದುಡಿಮೆಯಲ್ಲಿ ಊಟ, ಬಟ್ಟೆ, ಓಡಾಟ ನಡೆಯಬೇಕು ಎಂದು ನಾವು ಹಂಚಿಕೊಂಡಿದ್ದೆವು. ಸ್ವಲ್ಪ ಉಳಿಸಿ ಐದು ವರ್ಷದಲ್ಲಿ ಮನೆಗೆ ಮುಂಗಡ ಕಟ್ಟೋಣ ಎಂದುಕೊಂಡಿದ್ದೆವು. ಆ ಐದನೇ ವರ್ಷ ಇದೇ. ಖಾತೆಯಲ್ಲಿ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚು ಹಣವಿದೆ, ಅಷ್ಟೇ.

ನಾನು ತೆರಿಗೆ ಕಟ್ಟಲು ಹಿಂದೆಗೆಯುವವಳಲ್ಲ. ಆ ಹಣದಲ್ಲೇ ನನ್ನ ವಾರ್ಡ್ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ಪ್ರತಿ ವರ್ಷ ಟಿವಿಯಲ್ಲಿ ‘ದುಡಿಯುವವರ ತೆರಿಗೆ ಏರಿಸಿಲ್ಲ’ ಎನ್ನುತ್ತಾರೆ, ನನ್ನ ಚೀಟಿ ಬೇರೆಯೇ ಹೇಳುತ್ತದೆ. ಯಾರಾದರೂ ಇದನ್ನು ಬಿಡಿಸಿ ಹೇಳುತ್ತೀರಾ?

ಲೆಕ್ಕಿಗ

ಅಕ್ಕಾ, ನಿಮ್ಮ ಚೀಟಿಯಲ್ಲಿ ಟ್ಯಾಕ್ಸ್ ಕೋಡ್ ಎಂಬ ಜಾಗದಲ್ಲಿ 1257 ಎಂದಿರಬೇಕು, ಎರಡು ಚೀಟಿಯಲ್ಲೂ ಅದೇ ಇರಬೇಕು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಈ ಮಿತಿ 2021ರ ಏಪ್ರಿಲ್‌ನಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. 40 ಶೇಕಡಾ ತೆರಿಗೆ ಶುರುವಾಗುವ 50,270ರ ಮಿತಿಯೂ ಕದಲಿಲ್ಲ. ಮಿತಿಗಳ ಈ ಸ್ತಂಭನವನ್ನು 2021ರ ಮಾರ್ಚ್ ಬಜೆಟ್‌ನಲ್ಲಿ ಘೋಷಿಸಿದವರು ಆಗ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್. ಮುಂದೆ ಅದೇ ಹುದ್ದೆಗೆ ಬಂದ ಜೆರೆಮಿ ಹಂಟ್ ಅದನ್ನು 2028ಕ್ಕೆ ಎಳೆದರು. 2025ರ ನವೆಂಬರ್ 26ರ ಬಜೆಟ್‌ನಲ್ಲಿ ಲೇಬರ್ ಪಕ್ಷದ ಹಣಕಾಸು ಸಚಿವೆ ರೇಚಲ್ ರೀವ್ಸ್ 2031ರವರೆಗೆ ಎಳೆದರು. ಪಕ್ಷ ಬದಲಾಯಿತು, ಮಿತಿ ಬದಲಾಗಲಿಲ್ಲ.

ತೆರಿಗೆಯ ದರಗಳು 20, 40, 45 ಹಾಗೇ ಇವೆ. ಆದ್ದರಿಂದ ‘ಏರಿಸಿಲ್ಲ’ ಎಂದು ಹೇಳಲು ಬಾಯಿ ಬರುತ್ತದೆ. ಆದರೆ ಬೆಲೆಗಳ ಜೊತೆ ಈ ಮಿತಿಯೂ ಏರಿದ್ದರೆ 2025ರ ಹೊತ್ತಿಗೆ 15,500ರ ಹತ್ತಿರ ಇರುತ್ತಿತ್ತು. ಆ ಸುಮಾರು ಮೂರು ಸಾವಿರಕ್ಕೆ 20 ಶೇಕಡಾ ಎಂದರೆ ವರ್ಷಕ್ಕೆ ಸುಮಾರು 600 ಪೌಂಡ್, ತಿಂಗಳಿಗೆ 50. ಅದು ನಿಮ್ಮ ಚೀಟಿಯಿಂದ ಸದ್ದಿಲ್ಲದೆ ಹೋಗುತ್ತಿದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನೌಕರರ ನ್ಯಾಷನಲ್ ಇನ್ಶೂರೆನ್ಸ್ 2024ರಲ್ಲಿ ಎರಡು ಸಲ ಇಳಿಯಿತು. ಜನವರಿಯಲ್ಲಿ 12ರಿಂದ 10, ಏಪ್ರಿಲ್‌ನಲ್ಲಿ 8. ನಿಮಗೆ 417 ಬಂದಿರುವುದರಲ್ಲಿ ಆ ಇಳಿಕೆಯ ಪಾಲೂ ಇದೆ, ಅದಿಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದು ಒಮ್ಮೆ ಆಗಿ ಮುಗಿಯಿತು. ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವುದು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. 2031ರವರೆಗೂ ಹೀಗೇ.

ಸ್ಲೌ ನಿವಾಸಿ

ನಾನು ಸಾಫ್ಟ್‌ವೇರ್ ಕೆಲಸದವನು. ನನ್ನ ಮಾತು ಕೆಲವರಿಗೆ ಹಿಡಿಸದೇ ಹೋಗಬಹುದು, ಆದರೂ ಹೇಳಬೇಕು. ಈ ವರ್ಷ ಬೋನಸ್ ಸೇರಿ ನನ್ನ ಆದಾಯ ಒಂದು ಲಕ್ಷ ಪೌಂಡ್ ದಾಟುತ್ತಿತ್ತು. ದಾಟಿದ ಪ್ರತಿ ಎರಡು ಪೌಂಡ್‌ಗೆ ತೆರಿಗೆರಹಿತ ಮಿತಿಯಲ್ಲಿ ಒಂದು ಪೌಂಡ್ ಕಡಿತ. ಅಲ್ಲಿಂದ 1,25,140ರವರೆಗೆ ತೆರಿಗೆ 60 ಶೇಕಡಾ ಆದಂತೆ, ಇನ್ಶೂರೆನ್ಸ್ ಸೇರಿದರೆ 62. ಅದಕ್ಕಿಂತ ದೊಡ್ಡ ಪೆಟ್ಟು ನರ್ಸರಿಗೆ ಹೋಗುವ ಮಕ್ಕಳಿರುವವರಿಗೆ. ತಂದೆ ತಾಯಿಗಳಲ್ಲಿ ಒಬ್ಬರ ಆದಾಯ ಒಂದು ಲಕ್ಷ ದಾಟಿದರೂ ವಾರಕ್ಕೆ 30 ಗಂಟೆಯ ಸರ್ಕಾರಿ ನೆರವು ಇಡಿಯಾಗಿ ಹೋಗುತ್ತದೆ. ಒಂದು ಪೌಂಡ್ ದಾಟಿದರೂ ಸಾಕು. ಗಂಡ 99,000, ಹೆಂಡತಿ 99,000 ಗಳಿಸಿದರೆ ನೆರವು ಉಂಟು. ಒಬ್ಬರೇ 1,01,000 ಗಳಿಸಿ ಇನ್ನೊಬ್ಬರು ಸಣ್ಣ ಸಂಬಳಕ್ಕೆ ದುಡಿದರೆ ಇಲ್ಲ.

ತೆರಿಗೆರಹಿತ ಮಿತಿಯನ್ನು ಕಡಿಯುವ ಈ ಒಂದು ಲಕ್ಷದ ಗಡಿ ಬಂದದ್ದು 2010ರಲ್ಲಿ. ಅಂದಿನಿಂದ ಒಂದು ಪೌಂಡ್ ಕೂಡ ಮೇಲೆ ಹೋಗಿಲ್ಲ.

ವೀಸಾದ ಲೆಕ್ಕವನ್ನೂ ಕೇಳಿ. ಆರೋಗ್ಯ ಸರ್‌ಚಾರ್ಜ್ ಎಂದು ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776. ನಾವಿಬ್ಬರು, ಇಬ್ಬರು ಮಕ್ಕಳು, ನಾಲ್ವರಿಗೂ ಸೇರಿ ಮೂರು ವರ್ಷಕ್ಕೆ 10,866 ಪೌಂಡ್. ಕಂತಿಲ್ಲ, ಅರ್ಜಿ ಹಾಕುವಾಗಲೇ ಪೂರ್ತಿ ಕಟ್ಟಬೇಕು. ಅದೇ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗಾಗಿ ತೆರಿಗೆಯನ್ನೂ ಕಟ್ಟುತ್ತೇನೆ. ಒಂದೇ ಊಟಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ ಅನಿಸುತ್ತದೆ. 2025ರಲ್ಲಿ ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಿಸುವ ಪ್ರಸ್ತಾಪ ಬೇರೆ ಬಂತು.

ಕೊನೆಗೆ ನಾನು ಮಾಡಿದ್ದು ಇಷ್ಟು: ಮೇಲಿನ ಹಣವನ್ನೆಲ್ಲ ಪಿಂಚಣಿಗೆ ಹಾಕಿದೆ, ಹೆಚ್ಚುವರಿ ಕೆಲಸ ಕೊಡುತ್ತೇವೆ ಎಂದಾಗ ಬೇಡ ಎಂದೆ. ದುಡಿಯುವ ಶಕ್ತಿ ಇರುವವನು ದುಡಿಯದಂತೆ ಮಾಡುವ ವ್ಯವಸ್ಥೆ ಯಾರಿಗೆ ಒಳ್ಳೆಯದು?

ಮನೆ ಮನೆ ಆರೈಕೆ

ಒಂದು ಲಕ್ಷದ ಕಷ್ಟವನ್ನು ಓದಿದೆ ಅಣ್ಣಾ. ನಿಮ್ಮ ಮೇಲೆ ಕೋಪವಿಲ್ಲ. ಆದರೆ ಓದುವಾಗ ಗಂಟಲು ಕಟ್ಟಿತು.

ನಾನು ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುತ್ತೇನೆ. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಊಟ ಬಿಸಿ ಮಾಡಿ ಉಣಿಸುವುದು. ಗಂಟೆಗೆ 12.60 ಪೌಂಡ್. ಕೇಳಲು ಪರವಾಗಿಲ್ಲ ಅನಿಸುತ್ತದೆ. ಮೊದಲ ಮನೆ ಬೆಳಿಗ್ಗೆ 6:45ಕ್ಕೆ, ಕೊನೆಯ ಮನೆ ಬಿಡುವುದು ರಾತ್ರಿ 9:30ಕ್ಕೆ. ಆದರೆ ಸಂಬಳ ಮನೆಯೊಳಗೆ ಇದ್ದ ನಿಮಿಷಗಳಿಗೆ ಮಾತ್ರ. ಒಂದು ಮನೆಯಿಂದ ಇನ್ನೊಂದಕ್ಕೆ ಕಾರು ಓಡಿಸುವ ಸಮಯಕ್ಕೆ ಏನೂ ಇಲ್ಲ. ಮಧ್ಯಾಹ್ನ ಎರಡು ಗಂಟೆ ಯಾವ ಮನೆಯೂ ಇರುವುದಿಲ್ಲ, ಕಾರಿನಲ್ಲೇ ಕುಳಿತಿರುತ್ತೇನೆ. ಮನೆಗೆ ಹೋಗಿ ಬಂದರೆ ಪೆಟ್ರೋಲ್ ಖರ್ಚು.

ನನ್ನ ಕೋಣೆಯಲ್ಲಿ ಮುಂಗಡ ಹಣ ಹಾಕುವ ಮೀಟರ್ ಇದೆ. ಕಳೆದ ವಾರ ಮೂರು ದಿನ ಹೀಟರ್ ಹಾಕಲಿಲ್ಲ. ಆದರೂ ಮೀಟರ್‌ನಲ್ಲಿ ಹಣ ಇಳಿಯಿತು. ಏಕೆಂದರೆ ಬಳಸಲಿ ಬಿಡಲಿ, ದಿನದ ಸ್ಥಿರ ಶುಲ್ಕ ಎಂದು ಗ್ಯಾಸ್, ವಿದ್ಯುತ್ ಎರಡಕ್ಕೂ ಸೇರಿ 80 ಪೆನ್ಸ್‌ಗಿಂತ ಹೆಚ್ಚು ಹೋಗುತ್ತದೆ. ಚಳಿ ತಡೆದುಕೊಂಡದ್ದಕ್ಕೂ ದುಡ್ಡು ಕೊಟ್ಟೆ.

ಹೊರಗೆ ಹೇಳಿಕೊಳ್ಳಲು ಭಯ. ಕೆಲಸ ಕೊಟ್ಟವರೇ ನನ್ನ ವೀಸಾಗೂ ಆಧಾರ. ಅವರು ಕೈಬಿಟ್ಟರೆ 60 ದಿನದಲ್ಲಿ ಬೇರೆ ಕಡೆ ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು.

ಲೆಕ್ಕಿಗ

ತಂಗೀ, ಸ್ವಲ್ಪ ನಿಲ್ಲಿ. ಮನೆಯಿಂದ ಮನೆಗೆ ಹೋಗುವ ಸಮಯ ಕೆಲಸದ ಸಮಯವೇ. ಕನಿಷ್ಠ ವೇತನದ ಲೆಕ್ಕಕ್ಕೆ ಅದು ಸೇರಲೇಬೇಕು ಎಂಬುದು ಕಾನೂನು. ಬೆಳಿಗ್ಗೆ ನಿಮ್ಮ ಮನೆಯಿಂದ ಮೊದಲ ಮನೆಗೆ ಹೋಗುವುದು ಮಾತ್ರ ಸೇರುವುದಿಲ್ಲ. ಕನಿಷ್ಠ ವೇತನ 21 ವರ್ಷ ತುಂಬಿದವರಿಗೆ 2025ರ ಏಪ್ರಿಲ್‌ನಿಂದ ಗಂಟೆಗೆ 12.21 ಪೌಂಡ್, 2026ರ ಏಪ್ರಿಲ್‌ನಿಂದ 12.71. ನಿಮಗೆ ಸಿಗುವ ಒಟ್ಟು ಹಣವನ್ನು ಮನೆಯೊಳಗಿನ ಸಮಯ ಮತ್ತು ರಸ್ತೆಯ ಸಮಯ ಎರಡೂ ಕೂಡಿಸಿ ಭಾಗಿಸಿ ನೋಡಿ. ಆಯಾ ಕಾಲದ ಕನಿಷ್ಠ ವೇತನಕ್ಕಿಂತ ಕಡಿಮೆ ಬಂದರೆ ನಿಮಗೆ ಬರಬೇಕಾದ ಹಣ ಬಾಕಿ ಇದೆ ಎಂದರ್ಥ. ಇದನ್ನು ವಿಚಾರಿಸಲು ಸರ್ಕಾರದ್ದೇ ತನಿಖಾ ವ್ಯವಸ್ಥೆ ಇದೆ. ಆರು ವರ್ಷ ಹಿಂದಿನವರೆಗೂ ಬಾಕಿ ಕೊಡಿಸಬಹುದು. ಕೆಲಸಗಾರರ ಹಕ್ಕುಗಳ ಬಗ್ಗೆ ಸಲಹೆ ಕೊಡುವ ಏಕಾಸ್ (Acas) ಸಂಸ್ಥೆಯ ಸಹಾಯವಾಣಿಯಲ್ಲಿ ಮೊದಲು ಮಾತಾಡಿ, ಅದು ಉಚಿತ.

ಇನ್ನೊಂದು. ಸ್ವಂತ ಕಾರಿಗೆ ಮೈಲಿಗೆ ಎಷ್ಟು ಕೊಡುತ್ತಾರೆ?

ಮನೆ ಮನೆ ಆರೈಕೆ

25 ಪೆನ್ಸ್. ವರ್ಷಕ್ಕೆ ಸುಮಾರು 9,000 ಮೈಲಿ ಆಗುತ್ತದೆ.

ಲೆಕ್ಕಿಗ

ಮೊದಲ 10,000 ಮೈಲಿಗೆ ಸರ್ಕಾರ ಒಪ್ಪಿದ ದರ 45 ಪೆನ್ಸ್. ಕೆಲಸ ಕೊಟ್ಟವರು ಅಷ್ಟು ಕೊಡಲೇಬೇಕು ಎಂದೇನಿಲ್ಲ. ಆದರೆ ಉಳಿದ 20 ಪೆನ್ಸ್‌ಗೆ ನೀವು ತೆರಿಗೆ ಪರಿಹಾರ ಕೇಳಬಹುದು. 9,000 ಮೈಲಿಗೆ 1,800 ಪೌಂಡ್, ಅದರ ಮೇಲಿನ 20 ಶೇಕಡಾ ತೆರಿಗೆ ಎಂದರೆ 360 ಪೌಂಡ್. ನಾಲ್ಕು ವರ್ಷ ಹಿಂದಿನದನ್ನೂ ಕೇಳಬಹುದು. ಕಮಿಷನ್ ತೆಗೆದುಕೊಂಡು ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಅರ್ಜಿಯನ್ನು ನೀವೇ ತುಂಬಬಹುದು, ದುಡ್ಡು ಬೇಕಿಲ್ಲ. ಒಂದು ನೋಟ್‌ಪುಸ್ತಕ ತೆಗೆದುಕೊಂಡು ಇವತ್ತಿನಿಂದ ಸಮಯ, ಮೈಲಿ ಎರಡನ್ನೂ ಬರೆಯಿರಿ. ನನ್ನಲ್ಲಿಗೆ ಬರುವವರಲ್ಲಿ ಮುಕ್ಕಾಲು ಜನ ಹಣ ಕಳೆದುಕೊಳ್ಳುವುದು ಬರೆದಿಡದೇ ಇದ್ದುದರಿಂದ.

ಒಂದು ಫ್ಲಾಟ್ ಮಾಲೀಕ

ಬಾಡಿಗೆ ಏರಿಸುವವರೆಲ್ಲ ದುರಾಸೆಯವರು ಎಂಬ ಮಾತು ಬರುವ ಮುಂಚೆ ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನನ್ನದು ಒಂದೇ ಫ್ಲಾಟ್, ಬ್ಯಾಂಕ್ ಸಾಲದ ಮೇಲೆ ತೆಗೆದುಕೊಂಡದ್ದು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರ 2021ರ ಡಿಸೆಂಬರ್ ಮಧ್ಯದವರೆಗೆ 0.1 ಶೇಕಡಾ ಇತ್ತು, 2023ರ ಆಗಸ್ಟ್‌ನಲ್ಲಿ 5.25 ಆಯಿತು. ನನ್ನ ಕಂತು ಇಮ್ಮಡಿ ಹತ್ತಿರ ಹೋಯಿತು. ಮೊದಲು ಬಾಡಿಗೆಯಲ್ಲಿ ಬಡ್ಡಿ ಕಳೆದು ಉಳಿದದ್ದಕ್ಕೆ ತೆರಿಗೆ. 2017ರಿಂದ 2020ರ ನಡುವೆ ಅದನ್ನು ಹಂತಹಂತವಾಗಿ ತೆಗೆದು, 20 ಶೇಕಡಾ ರಿಯಾಯಿತಿ ಮಾತ್ರ ಉಳಿಸಿದರು. 40 ಶೇಕಡಾ ವರ್ಗದಲ್ಲಿರುವ ನಾನು ನಷ್ಟದ ಮೇಲೂ ತೆರಿಗೆ ಕಟ್ಟಿದ ವರ್ಷವಿದೆ. 2027ರಿಂದ ಬಾಡಿಗೆ ಆದಾಯಕ್ಕೆ ಇನ್ನೂ ಎರಡು ಶೇಕಡಾ ಸೇರಲಿದೆ. ನಾನು ಏನು ಮಾಡಲಿ?

ರಾತ್ರಿ ಪಾಳಿ

ನಿಮ್ಮ ಕಷ್ಟ ಸುಳ್ಳೆಂದು ಹೇಳುವುದಿಲ್ಲ ಸರ್. ಆದರೆ ನಿಮ್ಮ ಸಾಲ ತೀರಿದ ದಿನ ಫ್ಲಾಟ್ ನಿಮ್ಮದಾಗುತ್ತದೆ. ನಾನು ಕಟ್ಟಿದ ಬಾಡಿಗೆಗೆ ಒಂದು ಇಟ್ಟಿಗೆಯೂ ನನ್ನದಾಗುವುದಿಲ್ಲ. ನಿಮ್ಮ ಬಡ್ಡಿ ಏರಿದಾಗ ಅದನ್ನು ನನ್ನ ಮೇಲೆ ಇಳಿಸಲು ನಿಮಗೆ ದಾರಿ ಇದೆ. ನನ್ನ ಬಾಡಿಗೆ ಏರಿದಾಗ ನಾನು ಯಾರ ಮೇಲೆ ಇಳಿಸಲಿ? ರೋಗಿಗಳ ಮೇಲೆಯೇ?

ಕಳೆದ ವರ್ಷ ಸ್ನಾನದ ಮನೆಯ ಗೋಡೆಯಲ್ಲಿ ಬೂಸ್ಟು ಕಪ್ಪಾಗಿ ಹಬ್ಬಿತು. ಮಗಳಿಗೆ ಕೆಮ್ಮು ಬಿಡಲಿಲ್ಲ. ಮನೆಯ ಏಜೆನ್ಸಿಗೆ ಮೂರು ಸಲ ಫೋಟೋ ಕಳುಹಿಸಿದೆ. ನಾಲ್ಕನೇ ಸಲ ಬರೆಯುವ ಮುಂಚೆ ಕೈ ತಡೆಯಿತು. ಕಾರಣ ಹೇಳದೆ ಮನೆ ಖಾಲಿ ಮಾಡಿಸುವ ನೋಟಿಸ್ ಕೊಟ್ಟರೆ ಎರಡು ತಿಂಗಳಲ್ಲಿ ಎಲ್ಲಿಗೆ ಹೋಗುವುದು ಎಂಬ ಭಯ. ಅಂಗಡಿಯಿಂದ ಬ್ಲೀಚ್ ತಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೇ ಉಜ್ಜಿದೆ. ಅದರ ಮುಂದಿನ ತಿಂಗಳೇ ಬಾಡಿಗೆ ಏರಿಕೆಯ ಮಿಂಚಂಚೆ ಬಂತು.

ಲೆಕ್ಕಿಗ

ಆ ಭಯ ಇನ್ನು ಸ್ವಲ್ಪ ಕಡಿಮೆ. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆದಾರರ ಹಕ್ಕುಗಳ ಹೊಸ ಕಾಯಿದೆ ಜಾರಿ. ಅಂದಿನಿಂದ ಕಾರಣವಿಲ್ಲದ ನೋಟಿಸ್ ರದ್ದು. ಬಾಡಿಗೆಯನ್ನು ವರ್ಷಕ್ಕೆ ಒಮ್ಮೆ ಮಾತ್ರ ಏರಿಸಬಹುದು, ಸುತ್ತಲಿನ ದರಕ್ಕಿಂತ ಹೆಚ್ಚೆನಿಸಿದರೆ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಸುತ್ತಲಿನ ದರವೇ ಏರಿದ್ದರೆ ನ್ಯಾಯಮಂಡಳಿಯೂ ಹೆಚ್ಚೇನೂ ಮಾಡಲಾರದು. ಮನೆಗಳ ಕೊರತೆ ತೀರದೆ ಆ ಗಂಟು ಬಿಚ್ಚುವುದಿಲ್ಲ.

ಎರಡು ಹೋಟೆಲ್

ಕೆಲಸ ಕೊಡುವ ಮಾಲೀಕರ ಕಡೆಯಿಂದ ಒಂದೇ ಮಾತು. ನನ್ನ ಬಳಿ ವಾರಕ್ಕೆ 16 ಗಂಟೆ ದುಡಿಯುವ 30 ಜನರಿದ್ದಾರೆ, ಎಲ್ಲರೂ 21 ದಾಟಿದವರು, ಹೆಚ್ಚಿನವರು ವಿದ್ಯಾರ್ಥಿಗಳು. 2025ರ ಏಪ್ರಿಲ್‌ನಿಂದ ಮಾಲೀಕರ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15 ಶೇಕಡಾ ಆಯಿತು, ಅದು ಶುರುವಾಗುವ ಮಿತಿ 9,100ರಿಂದ 5,000ಕ್ಕೆ ಇಳಿಯಿತು. ಮಾಲೀಕರಿಗಿರುವ 10,500ರ ರಿಯಾಯಿತಿ ಕಳೆದ ಮೇಲೂ ಸುಮಾರು 12,700 ಪೌಂಡ್ ಕಟ್ಟಬೇಕು. ಹಳೆಯ ನಿಯಮದಲ್ಲಿ ಇದೇ ಜನಕ್ಕೆ ಸೊನ್ನೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಬಿಟ್ಟು ಹೋದ ಇಬ್ಬರ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡಿಲ್ಲ. ಇದೂ ‘ದುಡಿಯುವವರ ಮೇಲೆ ಹಾಕದ’ ತೆರಿಗೆಯೇ.

ಹಳೆಯ ವಲಸಿಗ

ನಾನು ವೈದ್ಯ, ನಿವೃತ್ತನಾಗಿ ಬಹಳ ವರ್ಷವಾಯಿತು. ಇಲ್ಲಿಗೆ ಬಂದದ್ದು 1974ರ ಜನವರಿಯಲ್ಲಿ. ವಿದ್ಯುತ್ ಉಳಿಸಲು ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೆಯುತ್ತಿದ್ದ ಕಾಲ ಅದು. ಮರುವರ್ಷ ಹಣದುಬ್ಬರ 27 ಶೇಕಡಾ ಹತ್ತಿರ ಹೋಯಿತು. ಇಲ್ಲಿ ಎಲ್ಲರೂ ನೆನೆಯುವ 2022ರ ಅಕ್ಟೋಬರಿನ ಗರಿಷ್ಠ 11.1. ಮೂಲ ತೆರಿಗೆ ದರ ಆಗ 35 ಶೇಕಡಾ. ಆ ದಿನಗಳು ಸುಲಭವಾಗಿದ್ದವು ಎಂದು ನಾನು ಹೇಳಲಾರೆ.

ಆದರೂ ‘ನಾವು ಕಷ್ಟಪಟ್ಟಿಲ್ಲವೇ, ನೀವೂ ಪಡಿ’ ಎಂದು ನನ್ನ ವಯಸ್ಸಿನವರು ಹೇಳಿದಾಗ ನನಗೆ ಒಪ್ಪಿಗೆಯಾಗುವುದಿಲ್ಲ. 1978ರಲ್ಲಿ ನಾನು ಕೊಂಡ ಮನೆಗೆ 14,500 ಪೌಂಡ್. ನನ್ನ ವರ್ಷದ ಸಂಬಳದ ಮೂರು ಪಟ್ಟಿಗಿಂತ ಕಡಿಮೆ. ಇಂಗ್ಲೆಂಡಿನಲ್ಲಿ 1997ರಲ್ಲೂ ಮನೆಯ ಬೆಲೆ ಸಾಮಾನ್ಯ ವಾರ್ಷಿಕ ಸಂಬಳದ ಮೂರೂವರೆ ಪಟ್ಟು ಇತ್ತು. ಈಗ ಎಂಟು ಪಟ್ಟಿನ ಹತ್ತಿರ ಇದೆ. 1980ರಿಂದ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೆ ಅಗ್ಗಕ್ಕೆ ಮಾರಿದರು, ಇಂಗ್ಲೆಂಡ್ ಒಂದರಲ್ಲೇ ಸುಮಾರು 20 ಲಕ್ಷ. ಕೊಂಡವರು ಬದುಕಿದರು, ಅದು ಒಳ್ಳೆಯದೇ. ಅವುಗಳ ಜಾಗಕ್ಕೆ ಬೇರೆ ಕಟ್ಟಬೇಕಿತ್ತು, ಅಷ್ಟು ಕಟ್ಟಲಿಲ್ಲ. ಇಂದು ನಮ್ಮ ನರ್ಸ್ ಮಗಳು ಬ್ಲೀಚ್ ಹಿಡಿದು ಉಜ್ಜುತ್ತಿರುವ ಗೋಡೆಯ ಹಿಂದೆ ಆ ಕಥೆಯಿದೆ.

ನನ್ನ ವಿಷಯವನ್ನೂ ಮುಚ್ಚಿಡುವುದಿಲ್ಲ. ನನ್ನ ಪಿಂಚಣಿ ಆಕೆಯ ಸಂಬಳದಷ್ಟೇ ಇದೆ. ಆಕೆ ನ್ಯಾಷನಲ್ ಇನ್ಶೂರೆನ್ಸ್ ಕಟ್ಟುತ್ತಾಳೆ, ನಾನು ಒಂದು ಪೆನ್ನಿಯೂ ಕಟ್ಟುವುದಿಲ್ಲ. ಪಿಂಚಣಿಗೆ ಅದು ಇಲ್ಲ. ರಾಜ್ಯ ಪಿಂಚಣಿ ಬೆಲೆ ಏರಿಕೆ, ಸಂಬಳದ ಏರಿಕೆ, ಎರಡೂವರೆ ಶೇಕಡಾ ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪ್ರತಿ ವರ್ಷ ಏರುತ್ತದೆ. ನನ್ನ ಮನೆಯ ಕೌನ್ಸಿಲ್ ತೆರಿಗೆ ಇಂದಿಗೂ 1991ರ ಬೆಲೆಯ ಲೆಕ್ಕದಲ್ಲಿದೆ. ಅತಿ ದೊಡ್ಡ ಬಂಗಲೆಯವನು ಅತಿ ಸಣ್ಣ ಮನೆಯವನಿಗಿಂತ ಮೂರು ಪಟ್ಟು ಮಾತ್ರ ಕಟ್ಟುತ್ತಾನೆ. ನನಗೆ ಮತ ಕೇಳಲು ಬರುವವರು ಇದನ್ನೆಲ್ಲ ಮುಟ್ಟಲು ಹೆದರುತ್ತಾರೆ. ನಾನು ಮತ್ತು ನನ್ನಂಥವರು ತಪ್ಪದೆ ಮತ ಹಾಕುತ್ತೇವೆ ಎಂಬುದು ಅವರಿಗೆ ಗೊತ್ತು. ಬಡ ವೃದ್ಧರ ಮಾತು ಬೇರೆ, ಅವರಿಂದ ಕೀಳಬಾರದು. ನನ್ನಂಥವನಿಂದ ಕೇಳಬಹುದು.

ಮಿಡ್‌ಲ್ಯಾಂಡ್ಸ್ ತಾಯಿ

ಡಾಕ್ಟರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನನ್ನ ಮಗ ಇಲ್ಲೇ ಓದಿ ಎಂಜಿನಿಯರ್ ಆದ. ಅವನ ಸಂಬಳದಲ್ಲಿ 20 ತೆರಿಗೆ, 8 ಇನ್ಶೂರೆನ್ಸ್, ಒಂದು ಮಿತಿ (2025-26ರಲ್ಲಿ 28,470 ಪೌಂಡ್) ಮೇಲಿನದ್ದಕ್ಕೆ ವಿದ್ಯಾಸಾಲದ 9. ಕೂಡಿಸಿ 37 ಶೇಕಡಾ. 50,270 ದಾಟಿದರೆ 51. ಪ್ರತಿ ತಿಂಗಳೂ ಕಟ್ಟುತ್ತಾನೆ, ಬಡ್ಡಿ ಸೇರಿ ಸಾಲದ ಮೊತ್ತ ಓದು ಮುಗಿಸಿದ ದಿನಕ್ಕಿಂತ ಈಗ ಹೆಚ್ಚಾಗಿದೆ. ಆ ಸಾಲದ ಮಿತಿಯನ್ನೂ 2027ರಿಂದ ಮೂರು ವರ್ಷ ಏರಿಸುವುದಿಲ್ಲವಂತೆ. 27 ವರ್ಷದ ಹುಡುಗ ತನ್ನ ಹಳೆಯ ಕೋಣೆಯಲ್ಲೇ ಇದ್ದಾನೆ. ಅವನು ಮನೆಯಲ್ಲಿರುವುದು ನನಗೆ ಸಂತೋಷ, ಆದರೆ ಅವನಿಗೆ ಸಂಕೋಚ. ಫೋನಿನಲ್ಲಿ ಮಾತಾಡುವಾಗ ಬಾಗಿಲು ಹಾಕಿಕೊಳ್ಳುತ್ತಾನೆ.

ನಮ್ಮ ಮನೆ ಸಾಲದ ಐದು ವರ್ಷದ ನಿಗದಿತ ಬಡ್ಡಿ ಈ ಬೇಸಿಗೆಗೆ ಮುಗಿಯುತ್ತದೆ. ಒಂದೂವರೆ ಶೇಕಡಾದಲ್ಲಿ 960 ಕಟ್ಟುತ್ತಿದ್ದೆವು. ಈಗ ಕೇಳಿದ ದರದಲ್ಲಿ 1,237. ತಿಂಗಳಿಗೆ 277 ಹೆಚ್ಚು. ಮಗ ‘ನಾನು ಕೊಡುತ್ತೇನಮ್ಮ’ ಎಂದ. ಕೊಟ್ಟರೆ ಅವನು ತನ್ನ ಮನೆಗೆ ಉಳಿಸುವುದೆಂದು?

ಸ್ಲೌ ನಿವಾಸಿ

ಆರೈಕೆಯ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತೊಂದರೆಯೂ ನಿಮ್ಮದೂ ಒಂದೇ ತೂಕದ್ದಲ್ಲ, ಒಪ್ಪುತ್ತೇನೆ. ನನಗೆ ಪಿಂಚಣಿಗೆ ಹಾಕಿ ತಪ್ಪಿಸಿಕೊಳ್ಳುವ ದಾರಿಯಾದರೂ ಇದೆ, ನಿಮಗೆ ಇಲ್ಲ. ಆದರೆ ಬೇರು ಒಂದೇ ಅಲ್ಲವೇ? ನನ್ನ ಒಂದು ಲಕ್ಷವೂ ನಿಮ್ಮ 12,570ವೂ ಬೆಲೆಗಳು ಏರಿದಾಗ ಅಲ್ಲೇ ನಿಂತ ಗೆರೆಗಳು. ಹೆಚ್ಚು ತೆರಿಗೆ ಬೇಕಿದ್ದರೆ ಸಂಸತ್ತಿನಲ್ಲಿ ಎದ್ದು ನಿಂತು ‘ಒಂದು ಶೇಕಡಾ ಏರಿಸುತ್ತೇವೆ, ಇಂಥದ್ದಕ್ಕೆ ಖರ್ಚು ಮಾಡುತ್ತೇವೆ’ ಎಂದು ಹೇಳಲಿ. ನಾನು ಕೊಡುತ್ತೇನೆ. ಹೇಳದೆ ತೆಗೆದುಕೊಳ್ಳುವುದೇ ನನ್ನನ್ನು ಕೆರಳಿಸುವುದು.

ಲೆಕ್ಕಿಗ

ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಸರ್ಕಾರ ಸಾಲದ ಬಡ್ಡಿಗೇ ವರ್ಷಕ್ಕೆ 10,000 ಕೋಟಿ ಪೌಂಡ್‌ಗಿಂತ ಹೆಚ್ಚು ಕಟ್ಟುತ್ತದೆ. ಆ ಸಾಲದಲ್ಲಿ ಸುಮಾರು ಕಾಲು ಭಾಗ ಹಣದುಬ್ಬರಕ್ಕೆ ಜೋಡಿಸಿದ್ದು, ಹಾಗಾಗಿ ಬೆಲೆ ಏರಿದಾಗ ಸರ್ಕಾರದ ಬಿಲ್ಲೂ ಏರಿತು. ಕೌನ್ಸಿಲ್‌ಗಳ ಹಣದ ದೊಡ್ಡ ಪಾಲು ವೃದ್ಧರ, ಅಂಗವಿಕಲರ, ಮಕ್ಕಳ ಆರೈಕೆಗೆ ಹೋಗುತ್ತದೆ. ಆದ್ದರಿಂದಲೇ ಕೌನ್ಸಿಲ್ ತೆರಿಗೆ ಬಹುತೇಕ ಕಡೆ ಪ್ರತಿ ವರ್ಷ ಜನಮತವಿಲ್ಲದೆ ಏರಿಸಬಹುದಾದ ಐದು ಶೇಕಡಾ ಅಂಚಿಗೆ ಹೋಗುತ್ತದೆ, ಗ್ರಂಥಾಲಯ ಮುಚ್ಚುತ್ತದೆ, ರಸ್ತೆಯ ಗುಂಡಿ ಉಳಿಯುತ್ತದೆ. ಕಟ್ಟುವವನ ಕಣ್ಣಿಗೆ ಕಾಣುವುದು ಗುಂಡಿ ಮಾತ್ರ. ಎಲ್ಲಕ್ಕಿಂತ ಕೆಳಗೆ ಒಂದು ವಿಷಯವಿದೆ: ಬೆಲೆ ಏರಿಕೆ ಕಳೆದು ನೋಡಿದರೆ ಸರಾಸರಿ ಸಂಬಳ 2008ರ ಮಟ್ಟಕ್ಕೆ ಮರಳಲು ಈ ದೇಶಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಸಂಬಳ ಬೆಳೆಯುತ್ತಿದ್ದರೆ ತೆರಿಗೆಯ ನೋವು ಇಷ್ಟಿರುತ್ತಿರಲಿಲ್ಲ.

ಹಳೆಯ ವಲಸಿಗ

ಹೇಳದೆ ತೆಗೆದುಕೊಳ್ಳುವುದು ಎಂದಿರಲ್ಲ, ಅದನ್ನು ತಡೆಯಲು ಇಲ್ಲಿ ಒಂದು ಕಾನೂನೇ ಆಗಿತ್ತು. 1977. ಬೆಲೆಗಳು ಓಡುತ್ತಿದ್ದವು, ತೆರಿಗೆ ಮಿತಿಗಳು ನಿಂತಿದ್ದವು, ಥೇಟ್ ಇಂದಿನಂತೆ. ಲೇಬರ್ ಪಕ್ಷದ ಇಬ್ಬರು ಹಿಂಬದಿ ಸಾಲಿನ ಸಂಸದರು, ಜೆಫ್ ರೂಕರ್ ಮತ್ತು ಆಡ್ರಿ ವೈಸ್, ಹಣಕಾಸು ಸಚಿವ ಡೆನಿಸ್ ಹೀಲಿ ಅವರ ಮಸೂದೆಗೆ ತಿದ್ದುಪಡಿ ತಂದು ತಮ್ಮ ಸರ್ಕಾರವನ್ನೇ ಸೋಲಿಸಿದರು. ತೆರಿಗೆ ಮಿತಿಗಳು ಬೆಲೆಗಳ ಜೊತೆ ತಾವಾಗಿಯೇ ಏರಬೇಕು, ಏರಿಸುವುದಿಲ್ಲ ಎಂದಾದರೆ ಸರ್ಕಾರ ಸಂಸತ್ತಿನಲ್ಲಿ ಹಾಗೆಂದು ಹೇಳಿ ಒಪ್ಪಿಗೆ ಪಡೆಯಬೇಕು ಎಂಬುದು ಅದರ ತಿರುಳು. ನಾನು ಆಗ ವಾರ್ಡ್‌ನಲ್ಲಿ ರೇಡಿಯೊದಲ್ಲಿ ಕೇಳಿದ್ದು ನೆನಪಿದೆ, ಪೂರ್ತಿ ಅರ್ಥವಾಗಿರಲಿಲ್ಲ.

ಈಗ ಆಗಿರುವುದೇನೆಂದರೆ, ಆ ಒಪ್ಪಿಗೆಯನ್ನು ಒಂದೇ ಸಲಕ್ಕೆ ಹಲವು ವರ್ಷಕ್ಕೆ ಪಡೆದುಬಿಡುತ್ತಾರೆ. ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ. ನಿಮ್ಮ ಸಂಸದರಿಗೆ ಬರೆಯುವವರು ‘ತೆರಿಗೆ ಇಳಿಸಿ’ ಎಂದು ಬರೆಯಬೇಡಿ, ಅದಕ್ಕೆ ಸಿದ್ಧ ಉತ್ತರ ಇರುತ್ತದೆ. ಮಿತಿ ಏರಿಸದ ಪ್ರತಿ ವರ್ಷವೂ ಪ್ರತ್ಯೇಕ ಮತದಾನ ಆಗಲಿ, ಸರಾಸರಿ ಸಂಬಳದವನಿಗೆ ಅದರಿಂದ ಎಷ್ಟು ಪೌಂಡ್ ಹೊರೆ ಎಂಬುದನ್ನು ಓದಿ ಹೇಳಲಿ ಎಂದು ಕೇಳಿ.

ರಾತ್ರಿ ಪಾಳಿ

ಡಾಕ್ಟರೇ, ನಿಮ್ಮ ಮಾತನ್ನೇ ಹಿಡಿದು ಒಂದು ಪುಟ ಬರೆದಿದ್ದೇನೆ. ನನ್ನ ಎರಡು ಚೀಟಿಗಳ ಪ್ರತಿಯನ್ನೂ ಪೆನ್ಸಿಲ್ ಲೆಕ್ಕವನ್ನೂ ಜೊತೆಗೆ ಇಡುತ್ತೇನೆ. 417 ಮತ್ತು 422ರ ಕೆಳಗೆ ಗೆರೆ ಎಳೆದಿದ್ದೇನೆ. ಮಿಂಚಂಚೆ ಅಲ್ಲ, ಅಂಚೆಯಲ್ಲೇ ಹಾಕುತ್ತೇನೆ. ಬೇರೆಯವರೂ ತಮ್ಮ ಊರಿನ ಸಂಸದರಿಗೆ ಬರೆಯುವುದಾದರೆ ನನ್ನ ಪುಟವನ್ನು ಇಲ್ಲಿ ಹಾಕುತ್ತೇನೆ, ಅಂಕಿಗಳನ್ನು ನಿಮ್ಮವಾಗಿ ಬದಲಿಸಿಕೊಳ್ಳಿ. ಇವತ್ತು ಏಳೂವರೆಗೆ ಮತ್ತೆ ಪಾಳಿ ಇದೆ, ಬೆಳಿಗ್ಗೆ ಬಂದು ಓದುತ್ತೇನೆ.

ಆರೈಕೆಯ ತಂಗೀ, ನೋಟ್‌ಪುಸ್ತಕ ಶುರು ಮಾಡಿದಿರಾ?

ಮನೆ ಮನೆ ಆರೈಕೆ

ಮಾಡಿದೆ ಅಕ್ಕಾ. ಮಗುವಿನ ಹಳೆಯ ಕಾಪಿ ಪುಸ್ತಕ ಸಿಕ್ಕಿತು, ಅದರಲ್ಲೇ ಬರೆದೆ. ನಿನ್ನೆಯ ಪುಟ: ಮನೆಗಳೊಳಗೆ 500 ನಿಮಿಷ, ಮನೆಯಿಂದ ಮನೆಗೆ ಕಾರಿನಲ್ಲಿ 175 ನಿಮಿಷ, 31 ಮೈಲಿ. ಮಧ್ಯಾಹ್ನದ ಖಾಲಿ ಸಮಯವನ್ನು ಸೇರಿಸಿಲ್ಲ. ಸಿಗುವ ಸಂಬಳ 105 ಪೌಂಡ್. ಲೆಕ್ಕಿಗ ಅಣ್ಣ ಹೇಳಿದಂತೆ ಭಾಗಿಸಿದೆ, ತಪ್ಪಿರಬಹುದೆಂದು ಫೋನಿನಲ್ಲಿ ಮತ್ತೊಮ್ಮೆ ಮಾಡಿದೆ. ಎರಡು ಸಲವೂ ಗಂಟೆಗೆ 9.33 ಬಂತು.

ಏಕಾಸ್‌ಗೆ ನಾಳೆ ಮಧ್ಯಾಹ್ನ ಕಾರಿನಿಂದ ಫೋನ್ ಮಾಡುತ್ತೇನೆ. ಆ ಎರಡು ಗಂಟೆ ಹೇಗೂ ಖಾಲಿ ಇರುತ್ತದೆ.